ರೂಟರಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕ್, ನಿಂತುಹೋದ ಬ್ಯಾಕಪ್

ನಮ್ಮ ಮನೆಯ ರೂಟರಿನ ಹಿಂಬದಿಯಲ್ಲಿ ಒಂದು ಯುಎಸ್‌ಬಿ ಪೋರ್ಟ್ ಇದೆ. ಅದಕ್ಕೆ 2 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಮನೆಯ ಎರಡೂ ಕಂಪ್ಯೂಟರುಗಳ ಬ್ಯಾಕಪ್ ಅಲ್ಲಿಗೇ ಹೋಗುವಂತೆ ಮಾಡಿಕೊಂಡಿದ್ದೆವು. ಒಂದು ನನ್ನ ಡೆಸ್ಕ್‌ಟಾಪ್, ಇನ್ನೊಂದು ಯಜಮಾನರ ಲ್ಯಾಪ್‌ಟಾಪ್. ದಿನವೂ ಡಿಸ್ಕ್ ಸಿಕ್ಕಿಸುವ, ಕೀಳುವ ಗೋಜಿಲ್ಲ. ವಿಂಡೋಸ್‌ನ ಫೈಲ್ ಹಿಸ್ಟರಿ ಗಂಟೆಗೊಮ್ಮೆ ತಾನಾಗಿಯೇ ಬದಲಾದ ಫೈಲುಗಳನ್ನು ಅಲ್ಲಿಗೆ ಸಾಗಿಸುತ್ತದೆ. ಅನುಕೂಲ ನಿಜಕ್ಕೂ ದೊಡ್ಡದು. ಆ ಏರ್ಪಾಡು ನಿಂತದ್ದು ಹೇಗೆ, ಮತ್ತೆ ನಡೆಯುವಂತೆ ಮಾಡಿದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ದುಡಿಯುವವರು ನಮ್ಮ ಊರಿನಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಬೇಕು.

ನಾನು ದಾವಣಗೆರೆಯ ವಿದ್ಯಾನಗರದ ಮನೆಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆ, ಕರಪತ್ರ. ಈ ಕಸುಬಿನಲ್ಲಿ ಹಳೆಯ ಫೈಲೇ ಆಸ್ತಿ. ದೊಡ್ಡ ಮಗಳ ಮದುವೆಗೆ ಪತ್ರಿಕೆ ಮಾಡಿಸಿದವರು ಕೆಲವು ವರ್ಷ ಬಿಟ್ಟು ಮಗನ ಮದುವೆಗೆ ಬಂದು, "ಅದೇ ಇರಲಿ, ಹೆಸರು ಮಾತ್ರ ಬದಲಾಯಿಸಿ" ಎನ್ನುತ್ತಾರೆ. ಆ ಫೈಲ್ ಇದ್ದರೆ ಅರ್ಧ ಗಂಟೆಯ ಕೆಲಸ, ಇಲ್ಲದಿದ್ದರೆ ಒಂದಿಡೀ ದಿನದ ಕೆಲಸ.

ಕಳೆದ ಮುಂಗಾರಿನ ಆರಂಭದಲ್ಲಿ ಒಂದು ಸಂಘದವರು ತಮ್ಮ ಸಂಚಿಕೆಯ ಮುನ್ನುಡಿಯನ್ನು ತಿದ್ದುವುದಕ್ಕೆ ಮೊದಲಿದ್ದ ರೂಪಕ್ಕೇ ತರಬೇಕೆಂದರು. ಫೈಲ್ ಹಿಸ್ಟರಿ ಇರುವುದೇ ಇಂಥ ಹೊತ್ತಿಗೆ. ತೆರೆದು ನೋಡಿದೆ. ಏಪ್ರಿಲ್ ಕೊನೆಯ ವಾರದ ನಂತರದ ಒಂದು ಪ್ರತಿಯೂ ಅಲ್ಲಿರಲಿಲ್ಲ. ಎದೆ ಧಸಕ್ಕೆಂದಿತು. ಮದುವೆಯ ಹಂಗಾಮಿನ ಕೆಲಸ ಪೂರ್ತಿ ಒಂದೇ ಕಂಪ್ಯೂಟರಿನ ಒಂದೇ ಡಿಸ್ಕಿನಲ್ಲಿ ಕುಳಿತಿತ್ತು. ಮುನ್ನುಡಿ ಬರೆದವರ ಮೊಬೈಲಿನಲ್ಲಿ ನಾನು ಹಿಂದೆ ಕಳಿಸಿದ್ದ ಪಿಡಿಎಫ್ ಉಳಿದಿದ್ದರಿಂದ ಅಂದಿನ ಕೆಲಸ ಸಾಗಿತು. ಆದರೆ ಅಷ್ಟು ದಿನ ಬ್ಯಾಕಪ್ ನಿಂತಿದ್ದರೂ ಗಮನಕ್ಕೆ ಬರುವಂಥ ಎಚ್ಚರಿಕೆ ಒಂದೂ ಬಂದಿರಲಿಲ್ಲ. ಪರದೆಯ ಮೂಲೆಯಲ್ಲಿ "ಡ್ರೈವ್ ಮತ್ತೆ ಜೋಡಿಸಿ" ಎಂಬ ಸಂದೇಶ ಬಂದು ಕ್ಷಣದಲ್ಲಿ ಮಾಯವಾಗುತ್ತದೆ. ಡ್ರೈವ್ ಜೋಡಿಸಿಯೇ ಇರುವಾಗ ಆ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

ಚಿತ್ರದುರ್ಗದಲ್ಲಿರುವ ನನ್ನ ತಮ್ಮ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾನೆ. ಫೋನ್ ಮಾಡಿದೆ. ಅವನು ಯಾವ ಸೆಟ್ಟಿಂಗನ್ನೂ ಮುಟ್ಟಬೇಡ ಎಂದ. "ಅಕ್ಕ, ಮೊದಲು ಆ ಡಿಸ್ಕಿನಲ್ಲಿರುವ ಹಳೆಯ ಫೈಲ್ ಒಂದನ್ನು ತೆರೆ. ಆಮೇಲೆ ಒಂದು ಖಾಲಿ ಟೆಕ್ಸ್ಟ್ ಫೈಲನ್ನು ಅಲ್ಲಿ ಉಳಿಸಿ ನೋಡು. ಎರಡೂ ಕಂಪ್ಯೂಟರಿನಲ್ಲಿ ಬೇರೆ ಬೇರೆಯಾಗಿ ಮಾಡು."

ಇಷ್ಟು ಸರಳ ಪರೀಕ್ಷೆಯಿಂದ ಅರ್ಧ ಉತ್ತರ ಸಿಕ್ಕಿತು. ನನ್ನ ಡೆಸ್ಕ್‌ಟಾಪಿನಲ್ಲಿ ಹಳೆಯ ಫೈಲ್ ತೆರೆಯಿತು, ಹೊಸದನ್ನು ಉಳಿಸಲು ಮಾತ್ರ ಬಿಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಡಿಸ್ಕಿನ ಫೋಲ್ಡರೇ ತೆರೆಯಲಿಲ್ಲ. ಎರಡರಲ್ಲೂ ಬ್ಯಾಕಪ್ ನಿಂತಿತ್ತು, ಆದರೆ ಒಂದೇ ಕಾರಣಕ್ಕಲ್ಲ. ಇದು ತಿಳಿಯದೆ ಕೈಹಾಕಿದ್ದರೆ ಒಂದನ್ನು ಸರಿಮಾಡಿ, ಇನ್ನೊಂದು ಏಕೆ ಸರಿಹೋಗಲಿಲ್ಲ ಎಂದು ತಲೆಕೆಡಿಸಿಕೊಳ್ಳಬೇಕಾಗುತ್ತಿತ್ತು.

ಡೆಸ್ಕ್‌ಟಾಪಿನ ಕಥೆ ಮೊದಲು. ಡಿಸ್ಕನ್ನು ರೂಟರಿನಿಂದ ಬಿಡಿಸಿ ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿದ ಕೂಡಲೇ ವಿಂಡೋಸ್, ಈ ಡ್ರೈವಿನಲ್ಲಿ ತೊಂದರೆ ಇದೆ, ಪರಿಶೀಲಿಸಿ ಸರಿಪಡಿಸಲೇ ಎಂದು ಕೇಳಿತು. ಒಪ್ಪುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕಿನ ಆರೋಗ್ಯ ನೋಡಿದೆ. ಕೆಟ್ಟು ಬದಲಿ ಪಡೆದ ಸೆಕ್ಟರುಗಳು (ಡಿಸ್ಕಿನ ಸಣ್ಣ ಸಣ್ಣ ತುಣುಕುಗಳು) ಸೊನ್ನೆ, ಬದಲಿಗಾಗಿ ಕಾಯುತ್ತಿರುವ ಸೆಕ್ಟರುಗಳೂ ಸೊನ್ನೆ. ಈ ಎರಡು ಸಾಲುಗಳಲ್ಲಿ ಅಂಕಿ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದರ್ಥ. ಆಗ ದುರಸ್ತಿಗೆ ಹೋಗದೆ, ಇರುವುದನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ನಮ್ಮದು ಗಟ್ಟಿಯಾಗಿತ್ತು. ಡಿಸ್ಕಿನ ತಪ್ಪು ತಿದ್ದುವ ವಿಂಡೋಸ್‌ನದೇ ಸಾಧನವಾದ ಚೆಕ್‌ಡಿಸ್ಕ್ ಓಡಿಸಿದೆ, ಕೆಲವು ತಪ್ಪುಗಳನ್ನು ತಿದ್ದಿತು. ಡಿಸ್ಕನ್ನು ರೂಟರಿಗೆ ಮರಳಿಸಿದ ಮೇಲೆ ಖಾಲಿ ಫೈಲ್ ಸಲೀಸಾಗಿ ಉಳಿಯಿತು.

ಕಾರಣ ಕರೆಂಟು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗಾಳಿ ಮಳೆ ಬಂದರೆ ಕರೆಂಟು ಹೋಗುವುದು, ಬರುವುದು, ಮತ್ತೆ ಹೋಗುವುದು ನಡೆದೇ ಇರುತ್ತದೆ. ಡಿಸ್ಕಿನ ಮೇಲೆ ಬರೆಯುತ್ತಿರುವಾಗಲೇ ರೂಟರ್ ಆರಿದರೆ, ಎನ್‌ಟಿಎಫ್‌ಎಸ್ ಮಾದರಿಯ, ಅಂದರೆ ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಕ್ರಮದ, ಡಿಸ್ಕಿನಲ್ಲಿ 'ಸರಿಯಾಗಿ ಮುಚ್ಚಿಲ್ಲ' ಎಂಬ ಗುರುತು ಉಳಿದುಬಿಡುತ್ತದೆ. ರೂಟರಿನೊಳಗೆ ಓಡುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ. ಆ ಗುರುತನ್ನು ಕಂಡು ನಮ್ಮ ರೂಟರ್ ಡಿಸ್ಕನ್ನು ಓದಲು ಮಾತ್ರ ಬಿಟ್ಟಿತ್ತು, ಬರೆಯಲು ಬಿಟ್ಟಿರಲಿಲ್ಲ. ಇದು ತಪ್ಪು ನಡೆಯೇನಲ್ಲ. ಪೆಟ್ಟು ತಿಂದ ಡಿಸ್ಕಿನ ಮೇಲೆ ಇನ್ನಷ್ಟು ಬರೆದು ಹಾಳುಮಾಡುವುದಕ್ಕಿಂತ ಸುಮ್ಮನಿರುವುದು ಲೇಸು. ಅದನ್ನು ಯಾರಿಗೂ ಹೇಳುವುದಿಲ್ಲ ಎಂಬುದಷ್ಟೇ ಕೊರತೆ. ರೂಟರಿನ ಪುಟ ತೆರೆದು ನೋಡಿದರೆ ಡಿಸ್ಕಿನ ಹೆಸರಿನ ಮುಂದೆ 'ಸಿದ್ಧವಾಗಿದೆ' ಎಂದೇ ಇತ್ತು.

"ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ರೂಟರ್ ಹೇಗೆ ಆರುತ್ತದೆ?" ಎಂದು ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆ. ಮೇನ್ ಸ್ವಿಚ್ ಇಳಿಸಿ ಇಬ್ಬರೂ ರೂಟರಿನ ಮುಂದೆ ನಿಂತೆವು. ಫ್ಯಾನು ತಿರುಗುತ್ತಲೇ ಇತ್ತು, ಟ್ಯೂಬ್‌ಲೈಟ್ ಒಮ್ಮೆ ಮಿಣುಕಿ ಉಳಿಯಿತು. ರೂಟರಿನ ಸಾಲು ದೀಪಗಳು ಮಾತ್ರ ಒಟ್ಟಿಗೆ ಆರಿದವು. ಮೊದಲು ಒಂದೇ ಹಸಿರು ದೀಪ ಹೊತ್ತಿತು, ಬಹಳ ಹೊತ್ತಿನ ಮೇಲೆ ವೈಫೈ ದೀಪ, ಎಲ್ಲಕ್ಕಿಂತ ಕೊನೆಗೆ ಯುಎಸ್‌ಬಿಯ ದೀಪ. ಲೈನಿನಿಂದ ಬ್ಯಾಟರಿಗೆ ಹೊರಳುವ ಆ ಕ್ಷಣವೇ ರೂಟರಿಗೆ ಸಾಕಾಗಿತ್ತು. ಬಹಳಷ್ಟು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಒಂದು ಸ್ವಿಚ್ ಇರುತ್ತದೆ. ಯುಪಿಎಸ್ ಮೋಡಿನಲ್ಲಿ ಹೊರಳುವಿಕೆ ಬೇಗ ಆಗುತ್ತದೆ. ನಮ್ಮದರ ಹಿಂಬದಿಯಲ್ಲಿ ದೂಳು ಮುಚ್ಚಿದ್ದ ಆ ಸ್ವಿಚ್ ಬದಲಿಸಿ ಮತ್ತೆ ಪರೀಕ್ಷಿಸಿದಾಗ ರೂಟರ್ ಆರಲಿಲ್ಲ. ಆದರೂ ನಾನು ರೂಟರಿಗೆಂದೇ 12 ವೋಲ್ಟಿನ ಸಣ್ಣ ಯುಪಿಎಸ್ ತಂದೆ. ಇನ್ವರ್ಟರಿನ ಬ್ಯಾಟರಿ ಹಳೆಯದಾದಾಗ ಮತ್ತೆ ಇದೇ ಪಾಡು ಬೇಡ. ಕೊಳ್ಳುವಾಗ ಒಂದು ಲೆಕ್ಕ ನೆನಪಿರಲಿ: ಪೋರ್ಟಬಲ್ ಡಿಸ್ಕಿಗೂ ವಿದ್ಯುತ್ ಹೋಗುವುದು ರೂಟರಿನ ಮೂಲಕವೇ, ಆದ್ದರಿಂದ ಎರಡರ ಹೊರೆಯನ್ನೂ ಅದು ಹೊರಬೇಕು.

ಈ ಹೊರೆಯ ವಿಚಾರ ಇನ್ನೊಂದು ಕಡೆಯೂ ಎದುರಾಯಿತು. ರಾತ್ರಿ ಡಿಸ್ಕಿನಿಂದ ಟಕ್, ಟಕ್ ಎಂದು ಸದ್ದು ಬರುತ್ತಿತ್ತು. ಆರೋಗ್ಯದ ಅಂಕಿಗಳು ಚೆನ್ನಾಗಿರುವಾಗ ಸದ್ದೇಕೆ? ಯುಎಸ್‌ಬಿ 2ರ ಪೋರ್ಟ್ ಕೊಡಬೇಕಾದ ಮಿತಿ 500 ಮಿಲಿ ಆಂಪಿಯರ್, ಯುಎಸ್‌ಬಿ 3ರದ್ದು 900. ನಿದ್ದೆಯಿಂದ ಎದ್ದು ಒಳಗಿನ ತಟ್ಟೆ ತಿರುಗಿಸುವ ಕ್ಷಣದಲ್ಲಿ ಡಿಸ್ಕ್ ಹೆಚ್ಚು ಎಳೆಯುತ್ತದೆ. ನಮ್ಮ ರೂಟರಿನದು ಯುಎಸ್‌ಬಿ 2, ಜೊತೆಗೆ ಡಿಸ್ಕನ್ನು ಕಪಾಟಿನ ಮೇಲಿಡಲೆಂದು ಉದ್ದನೆಯ ಎಕ್ಸ್‌ಟೆನ್ಷನ್ ವೈರ್ ಬೇರೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಒಂದನ್ನು ನಡುವೆ ಇಟ್ಟು, ಅದರ ಅಡಾಪ್ಟರನ್ನು ಡೆಸ್ಕ್‌ಟಾಪಿನ ಯುಪಿಎಸ್‌ಗೆ ಕೊಟ್ಟು, ಉದ್ದನೆಯ ವೈರ್ ತೆಗೆದ ಮೇಲೆ ಆ ಸದ್ದು ಮತ್ತೆ ಕೇಳಲಿಲ್ಲ.

ಇನ್ನು ಲ್ಯಾಪ್‌ಟಾಪ್. ಅದರಲ್ಲಿ ಡಿಸ್ಕಿನ ಫೋಲ್ಡರ್ ಒತ್ತಿದರೆ, ನಿಮ್ಮ ಸಂಸ್ಥೆಯ ಭದ್ರತಾ ನೀತಿ ಅತಿಥಿ ಪ್ರವೇಶವನ್ನು ತಡೆದಿದೆ ಎಂಬ ಅರ್ಥದ ಸಂದೇಶ ಬರುತ್ತಿತ್ತು. ಮನೆಯಲ್ಲಿ ಎಲ್ಲಿಯ ಸಂಸ್ಥೆ! 2024ರ ಅಕ್ಟೋಬರ್‌ನಲ್ಲಿ ಹೊರಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಆ ಲ್ಯಾಪ್‌ಟಾಪಿಗೆ ತಾನಾಗಿ ಬಂದು ಕೂತಿತ್ತು. ನನ್ನ ಡೆಸ್ಕ್‌ಟಾಪಿಗೆ ಇನ್ನೂ ಬಂದಿರಲಿಲ್ಲ. ಆ ಆವೃತ್ತಿಯಿಂದ ಮುಂದಕ್ಕೆ ನೆಟ್‌ವರ್ಕಿನ ಫೈಲ್ ಹಂಚಿಕೆಗೆ, ಅಂದರೆ ಎಸ್‌ಎಂಬಿಗೆ, ಪ್ರತಿ ಸಂದೇಶದ ಮೇಲೂ ಡಿಜಿಟಲ್ ಸಹಿ ಇರಬೇಕು ಎಂಬುದು ಮೊದಲೇ ಹಾಕಿಟ್ಟ ನಿಯಮ. ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶದಲ್ಲಿ ಸಹಿ ಹಾಕುವುದೇ ಸಾಧ್ಯವಿಲ್ಲ. ನಮ್ಮ ರೂಟರ್ ಕಾರ್ಖಾನೆಯಿಂದ ಬರುವಾಗಲೇ ಡಿಸ್ಕನ್ನು ಎಲ್ಲರಿಗೂ ತೆರೆದಿಡುವ ಕ್ರಮದಲ್ಲಿ ಬಂದಿತ್ತು.

ಹಬ್ ತಂದ ಅಂಗಡಿಯ ಹುಡುಗ ಸಹಾಯ ಮಾಡಲು ಮುಂದಾದ. "ಅಕ್ಕ, ವಿಂಡೋಸ್ ಫೀಚರ್ಸ್‌ಗೆ ಹೋಗಿ ಎಸ್‌ಎಂಬಿ 1 ಎಂಬುದಕ್ಕೆ ಟಿಕ್ ಹಾಕಿಬಿಡಿ, ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ಎಲ್ಲರಿಗೂ ನಾನು ಅದನ್ನೇ ಮಾಡಿಕೊಡುವುದು." ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಹಳೆಯ ರೂಟರುಗಳು ಎಸ್‌ಎಂಬಿಯ ಮೊದಲ ಆವೃತ್ತಿಯಾದ ಎಸ್‌ಎಂಬಿ 1 ಮಾತ್ರ ಬಲ್ಲವು, ಆದ್ದರಿಂದ ಈ ಮದ್ದು ಅನೇಕ ಕಡೆ ಕೆಲಸವನ್ನೂ ಮಾಡುತ್ತದೆ. ಆದರೆ 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿದ ವಾನಾಕ್ರೈ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ದೋಷದ ಮೂಲಕ. ಅದೇ ವರ್ಷದ ಕೊನೆಯಿಂದ ಮೈಕ್ರೋಸಾಫ್ಟ್ ಹೊಸದಾಗಿ ಸ್ಥಾಪಿಸಿದ ವಿಂಡೋಸ್ 10ರಲ್ಲಿ ಅದನ್ನು ಕೈಬಿಡುತ್ತ ಬಂದಿತು. ನನ್ನ ಕಂಪ್ಯೂಟರಿನಲ್ಲಿ ನೂರಾರು ಮನೆಗಳ ಹೆಸರು, ವಿಳಾಸ, ಫೋನ್ ನಂಬರುಗಳಿವೆ. ನಂಬಿ ಕೊಟ್ಟವರ ಮಾಹಿತಿ ಅದು. ಬ್ಯಾಕಪ್ ಉಳಿಸಿಕೊಳ್ಳಲು ಹೋಗಿ ಆ ಬಾಗಿಲು ತೆರೆಯಲು ನಾನು ಒಪ್ಪಲಿಲ್ಲ. ನಿಮಗೂ ಇದೇ ಸಲಹೆ ಬಂದರೆ ದಯವಿಟ್ಟು ಒಪ್ಪಬೇಡಿ.

ಸರಿಯಾದ ದಾರಿ ಸ್ವಲ್ಪ ಉದ್ದ. ತಯಾರಕರು ಬಿಟ್ಟಿದ್ದ ಹೊಸ ಫರ್ಮ್‌ವೇರನ್ನು, ಅಂದರೆ ರೂಟರಿನ ಒಳಗಿನ ತಂತ್ರಾಂಶವನ್ನು, ರೂಟರಿಗೆ ಹಾಕಿದೆ. ಅತಿಥಿ ಪ್ರವೇಶ ನಿಲ್ಲಿಸಿ, ಬ್ಯಾಕಪ್‌ಗೆಂದೇ ಒಂದು ಬಳಕೆದಾರ ಹೆಸರು, ಪಾಸ್‌ವರ್ಡ್ ಮಾಡಿದೆ. ಎರಡೂ ಕಂಪ್ಯೂಟರುಗಳಲ್ಲಿ, ವಿಂಡೋಸ್ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ರೂಟರಿನ ಹಳೆಯ ನಮೂದನ್ನು ಅಳಿಸಿ ಹೊಸದನ್ನು ಸೇರಿಸಿದೆ. ಹಳೆಯದು ಉಳಿದಿದ್ದರೆ 1219 ಎಂಬ ದೋಷ ಬರುತ್ತದೆ: ಒಂದೇ ಸರ್ವರಿಗೆ ಎರಡು ಹೆಸರಿನಿಂದ ಒಟ್ಟಿಗೆ ಹೋಗುವಂತಿಲ್ಲ. ಡಿಸ್ಕನ್ನು ರೂಟರಿನ ಹೆಸರಿನಿಂದ ಕರೆಯದೆ 192.168.1.1 ಎಂದು ನೇರ ವಿಳಾಸದಿಂದಲೇ ಜೋಡಿಸಿದೆ. ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಕಾಣುವುದು, ಬಿಡುವುದು ಬೇರೆ ವ್ಯವಹಾರ, ವಿಳಾಸ ಬದಲಾಗುವುದಿಲ್ಲ.

ಇಲ್ಲಿಗೆ ಬ್ಯಾಕಪ್ ಮತ್ತೆ ಓಡತೊಡಗಿತು. ಆದರೆ ತಮ್ಮನ ಸಲಹೆಯಂತೆ ಡಿಸ್ಕಿನ ಮಾದರಿಯನ್ನೇ ಬದಲಿಸಲು ತೀರ್ಮಾನಿಸಿದೆ. ನಮ್ಮ ರೂಟರಿಗೆ ಲಿನಕ್ಸ್‌ನ ಇಎಕ್ಸ್‌ಟಿ4 ಗೊತ್ತು. ಅದು ಲಿನಕ್ಸ್‌ನದೇ ಮಾದರಿಯಾದ್ದರಿಂದ ಹಠಾತ್ತನೆ ಆರಿದರೂ ಮುಂದಿನ ಸಲ ರೂಟರ್ ತಾನೇ ಸರಿಪಡಿಸಿಕೊಳ್ಳುತ್ತದೆ, ಅದರ ಪುಟ್ಟ ಪ್ರೊಸೆಸರಿಗೂ ಹೊರೆ ಕಡಿಮೆ. ಡಿಸ್ಕ್ ಹಿಡಿದು ಚಿತ್ರದುರ್ಗದ ಬಸ್ ಹತ್ತಿದೆ; ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್ ಆಸುಪಾಸು. ಹಳೆಯದನ್ನೆಲ್ಲ ತಮ್ಮ ತನ್ನ ಡಿಸ್ಕಿಗೆ ನಕಲಿಸಿಕೊಂಡು, ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಫಾರ್ಮ್ಯಾಟ್ ಮಾಡಿ, ಮೂಲ ಫೋಲ್ಡರಿಗೆ ಬರೆಯುವ ಅನುಮತಿಯನ್ನೂ ಕೊಟ್ಟ. "ಒಂದು ತಿಳಿದುಕೋ ಅಕ್ಕ, ನಾಳೆ ರೂಟರ್ ಸುಟ್ಟುಹೋದರೆ ಈ ಡಿಸ್ಕನ್ನು ವಿಂಡೋಸ್‌ಗೆ ಸಿಕ್ಕಿಸಿದರೆ ಓದುವುದಿಲ್ಲ. ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ, ಹೂಂ ಎನ್ನಬೇಡ." ಅದಕ್ಕೆಂದೇ ಲಿನಕ್ಸ್ ಇರುವ ಪೆನ್‌ಡ್ರೈವ್ ಒಂದನ್ನು ಕೈಗಿಟ್ಟ. ಅದರ ಮೇಲೆ ಚೀಟಿ ಅಂಟಿಸಿ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.

ಮೊದಲ ಪೂರ್ತಿ ಬ್ಯಾಕಪ್ ವೈಫೈಯಲ್ಲಿ ಮಾಡಲು ಹೋಗಬೇಡಿ. ಕೇಬಲ್ ಹಾಕಿ. ನಮ್ಮ ರೂಟರಿನ ಪೋರ್ಟ್ 100 ಎಂಬಿಪಿಎಸ್‌ನದು, ಸೆಕೆಂಡಿಗೆ 11 ಎಂಬಿ ಸಿಕ್ಕರೆ ಅದೇ ಹೆಚ್ಚು; 400 ಜಿಬಿಗೆ ಹತ್ತು ಗಂಟೆ. ಕಂಪ್ಯೂಟರ್ ನಿದ್ದೆಗೆ ಜಾರದಂತೆ ಮಾಡಿ ರಾತ್ರಿ ಬಿಟ್ಟೆ.

ಬೆಳಿಗ್ಗೆ ಮುಗಿದಿತ್ತು. ಎಣಿಸಿ ನೋಡಿದರೆ ಫೈಲುಗಳು ಕಡಿಮೆ ಇದ್ದವು. ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರಿನಲ್ಲಿ ಫೈಲ್ ಹಿಸ್ಟರಿಗೆಂದೇ ಒಂದು ದಾಖಲೆ ಇರುತ್ತದೆ. ಅದನ್ನು ತೆರೆದರೆ ಬಿಟ್ಟುಹೋದ ಫೈಲುಗಳ ಸಾಲು. ಎಲ್ಲವೂ ಮದುವೆ ಪತ್ರಿಕೆಗಳು! ಕರಪತ್ರಗಳು ಹೋಗಿವೆ, ಸಂಚಿಕೆಗಳು ಹೋಗಿವೆ, ಮದುವೆ ಪತ್ರಿಕೆಗಳಷ್ಟೇ ಬಿಟ್ಟುಹೋಗಿವೆ. ಇಡೀ ಪ್ರಯಾಸದಲ್ಲಿ ನನ್ನನ್ನು ಬಹಳ ಹಿಡಿದಿಟ್ಟ ಗಂಟು ಇದೇ.

ನಾನು ಫೈಲುಗಳಿಗೆ ಕನ್ನಡದಲ್ಲೇ ಹೆಸರಿಡುತ್ತೇನೆ. ಮದುವೆ ಪತ್ರಿಕೆಯಾದರೆ ವರನ ಹೆಸರು, ವಧುವಿನ ಹೆಸರು, ಕಲ್ಯಾಣ ಮಂಟಪ, ಊರು, ತಾರೀಖು, ಅಂತಿಮ ತಿದ್ದುಪಡಿ ಎಂದೆಲ್ಲ ಇರುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿಗೆ 255 ಸಂಕೇತಗಳ ಮಿತಿ. ಇಎಕ್ಸ್‌ಟಿ4ರಲ್ಲಿಯೂ 255ರ ಮಿತಿಯೇ, ಆದರೆ ಎಣಿಕೆ ಬೈಟುಗಳಲ್ಲಿ, ಅಂದರೆ ಹೆಸರು ಹಿಡಿಯುವ ಜಾಗದ ಲೆಕ್ಕದಲ್ಲಿ. ಅಲ್ಲಿ ಹೆಸರು ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಕೂರುತ್ತದೆ, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಕಾಗುಣಿತದ ಗುರುತು, ಒತ್ತು ಮೂಡಿಸುವ ಹಲಂತ, ಸೊನ್ನೆ, ಎಲ್ಲವೂ ಒಂದೊಂದು ಸಂಕೇತ. ಕಣ್ಣಿಗೆ 'ದಾವಣಗೆರೆ' ಐದೇ ಅಕ್ಷರ. ಡಿಸ್ಕಿನಲ್ಲಿ ಎಂಟು ಸಂಕೇತ, 24 ಬೈಟ್. 'ಚಿತ್ರದುರ್ಗ' ನಾಲ್ಕೇ ಅಕ್ಷರ, ಆದರೂ ಒತ್ತು ಮತ್ತು ಅರ್ಕಾವತ್ತಿನಿಂದ 30 ಬೈಟ್. ಒಟ್ಟು 85 ಸಂಕೇತಗಳಿಗೆ ಜಾಗ ಮುಗಿಯುತ್ತದೆ. ಅದರಲ್ಲೂ ಫೈಲ್ ಹಿಸ್ಟರಿ ಪ್ರತಿ ಹೆಸರಿನ ಕೊನೆಗೆ ತಾರೀಖು, ಸಮಯವನ್ನು ಆವರಣದಲ್ಲಿ ಸೇರಿಸುತ್ತದೆ. ಅದಕ್ಕೇ 26 ಬೈಟ್. ಉಳಿಯುವುದು ಹೆಚ್ಚೆಂದರೆ 76 ಸಂಕೇತ. ಗಂಡು ಹೆಣ್ಣಿನ ಹೆಸರು, ಮಂಟಪ, ಊರು ಬರೆಯುವಷ್ಟರಲ್ಲಿ ಅದು ದಾಟಿರುತ್ತದೆ. ಕನ್ನಡದಲ್ಲಿ ಹೆಸರಿಡುವವರಿಗೆ ಮಿತಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ಯಾವ ಕೈಪಿಡಿಯಲ್ಲೂ ನಾನು ಓದಿರಲಿಲ್ಲ.

ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿ ಹೆಸರಿಡಲು ನನಗೆ ಮನಸ್ಸಿಲ್ಲ. ಈಗ ವರ್ಷ, ತಿಂಗಳು, ಕ್ರಮ ಸಂಖ್ಯೆ, ಅದರ ಮುಂದೆ ಎರಡೇ ಕನ್ನಡ ಪದ. ಪೂರ್ತಿ ವಿವರ ಒಂದು ಎಕ್ಸೆಲ್ ದಪ್ತರದಲ್ಲಿ. ಹುಡುಕುವುದೂ ಸುಲಭವಾಗಿದೆ.

ಕೆಲಸದ ಫೋಲ್ಡರಿಗೆ ಫೈಲ್ ಹಿಸ್ಟರಿಯ ಜೊತೆಗೆ ರೋಬೋಕಾಪಿಯನ್ನೂ ಹಚ್ಚಿದೆ. ವಿಂಡೋಸ್ ಜೊತೆಗೇ ಬರುವ ಈ ಆದೇಶದ ಗುಣ ಅದರ ದಾಖಲೆ: ಏನು ಹೋಯಿತು, ಏನು ಉಳಿಯಿತು ಎಂದು ಸಾಲು ಸಾಲಾಗಿ ಬರೆದಿಡುತ್ತದೆ. ಎರಡು ಎಚ್ಚರಿಕೆ. ಹೇಳದೆ ಬಿಟ್ಟರೆ ಅದು ಸಿಗದ ಫೈಲಿಗೆ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ಒಂದು ಫೈಲಿಗೇ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಎರಡೇ ಪ್ರಯತ್ನ, ಐದು ಸೆಕೆಂಡ್ ಎಂದು ಕಟ್ಟುಹಾಕಬೇಕು. ಇನ್ನೊಂದು, ಕನ್ನಡಿಯಂತೆ ಎರಡೂ ಕಡೆ ಒಂದೇ ಆಗಿಸುವ ಅದರ ಆಯ್ಕೆಯನ್ನು ನಾನು ಬಳಸುವುದಿಲ್ಲ. ಇಲ್ಲಿ ಅಳಿದದ್ದನ್ನು ಅದು ಅಲ್ಲೂ ಅಳಿಸುತ್ತದೆ. ಕೆಲಸ ಮುಗಿದಾಗ ಅದು ಕೊಡುವ ಸಂಖ್ಯೆ 1 ಆಗಿದ್ದರೆ ಗಾಬರಿ ಬೇಡ, ಫೈಲುಗಳು ನಕಲಾಗಿವೆ ಎಂದರ್ಥ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ದಾಖಲೆ ತೆರೆದು ನೋಡುತ್ತೇನೆ.

ಕೊನೆಯದಾಗಿ, ಮರಳಿ ಪಡೆಯುವ ಪರೀಕ್ಷೆ. ಒಂದು ಹಳೆಯ ಪತ್ರಿಕೆಯನ್ನು ಡಿಸ್ಕಿನಿಂದ ಯಜಮಾನರ ಲ್ಯಾಪ್‌ಟಾಪಿಗೆ ಇಳಿಸಿ ತೆರೆದೆ. ವಿನ್ಯಾಸವೆಲ್ಲ ಬಂತು, ಅಕ್ಷರ ಬರಲಿಲ್ಲ. 'ನ' ಇರಬೇಕಾದಲ್ಲಿ ಪೌಂಡ್ ಚಿಹ್ನೆ, ಉಳಿದೆಡೆ ರೋಮನ್ ಅಕ್ಷರಗಳ ರಾಶಿ. ಹಳೆಯ ಕೆಲಸವೆಲ್ಲ ಯೂನಿಕೋಡ್ ಅಲ್ಲದ, ಅಂದರೆ ರೋಮನ್ ಅಕ್ಷರಗಳ ಜಾಗದಲ್ಲೇ ಕನ್ನಡದ ರೂಪ ಕೂರಿಸಿದ, ನುಡಿ ಫಾಂಟುಗಳಲ್ಲಿದೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದು ಕನ್ನಡವೇ ಅಲ್ಲ. ಫೈಲ್ ಹಿಸ್ಟರಿ ಫಾಂಟುಗಳ ಫೋಲ್ಡರನ್ನು ಮುಟ್ಟುವುದಿಲ್ಲ. ಡಿಟಿಪಿಯವರು ಇದನ್ನು ಇಂದೇ ನೋಡಿಕೊಳ್ಳಿ: ಬಳಸುವ ಫಾಂಟುಗಳನ್ನೆಲ್ಲ ಕೆಲಸದ ಫೋಲ್ಡರಿನೊಳಗೇ ಒಂದು ಕಡೆ ನಕಲಿಸಿಡಿ.

ರೂಟರಿನ ಡಿಸ್ಕನ್ನು ನಾನು ಎರಡನೆಯ ಪ್ರತಿ ಎಂದೇ ಲೆಕ್ಕ ಹಿಡಿಯುತ್ತೇನೆ. ಕಂಪ್ಯೂಟರಿಗೆ ವೈರಸ್ ಹೊಕ್ಕರೆ ಬರೆಯಲು ತೆರೆದಿರುವ ಆ ಡಿಸ್ಕಿಗೂ ಅದು ಕೈಚಾಚುತ್ತದೆ, ಸಿಡಿಲು ಬಡಿದರೆ ರೂಟರಿನ ಜೊತೆ ಡಿಸ್ಕೂ ಹೋಗಬಹುದು. ಮೂರನೆಯ ಪ್ರತಿ ತಮ್ಮನ ಮನೆಯಲ್ಲಿದೆ. ಹಬ್ಬಕ್ಕೆ, ಕಾರ್ಯಕ್ಕೆ ಚಿತ್ರದುರ್ಗಕ್ಕೆ ಹೋಗುವಾಗಲೆಲ್ಲ ಹೊಸ ಪ್ರತಿ ಒಯ್ದು ಹಳೆಯ ಡಿಸ್ಕನ್ನು ತರುತ್ತೇನೆ. ಹಳೆಯ ಮದುವೆ ಪತ್ರಿಕೆಗಳ ಹೆಸರು ಬದಲಿಸುವ ಕೆಲಸ ಇನ್ನೂ ನಡೆದಿದೆ. 2019ಕ್ಕಿಂತ ಹಿಂದಿನವು ಬಾಕಿ ಇವೆ.